ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದವರು

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಅಂದರೆ ಅಲ್ಲಿಯ ಕನ್ನಡಿಗರ ಬಾಯಲ್ಲಿ ಡಿಐಪಿ. ಸುಮಾರು 2,300 ಹೆಕ್ಟೇರ್ ಜಾಗದಲ್ಲಿ ಕಾರ್ಖಾನೆ, ಗೋದಾಮು, ವಿಲ್ಲಾ, ಸಾಲು ಸಾಲು ಲೇಬರ್ ಕ್ಯಾಂಪ್‌ಗಳು. ಕಾರು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಅಲ್ ಮಕ್ತೂಮ್ ವಿಮಾನ ನಿಲ್ದಾಣ. ಖಾಸಗಿ ಜೆಟ್‌ಗಳಿಗೆಂದೇ ಅಲ್ಲಿ ಪ್ರತ್ಯೇಕ ಟರ್ಮಿನಲ್ ಇದೆ.

ವಿಮಾನವನ್ನು ಬಾಡಿಗೆಗೆ ಪಡೆಯುವುದರಲ್ಲಿ ಹಲವು ಬಗೆ. ವಿಮಾನ ಮಾತ್ರ ಪಡೆದು ಪೈಲಟ್, ವಿಮೆ, ರಿಪೇರಿಯನ್ನೆಲ್ಲ ತಾವೇ ನೋಡಿಕೊಂಡರೆ ಡ್ರೈ ಲೀಸ್. ಸಿಬ್ಬಂದಿ, ವಿಮೆ, ನಿರ್ವಹಣೆ ಸಮೇತ ಪಡೆದರೆ ವೆಟ್ ಲೀಸ್. ಒಂದು ಪ್ರಯಾಣದ ಮಟ್ಟಿಗೆ ಹಿಡಿದರೆ ಚಾರ್ಟರ್. ಇದೆಲ್ಲ ಸಿರಿವಂತರ ವ್ಯವಹಾರ ಎಂದುಕೊಂಡಿದ್ದ ನಮಗೆ 2020ರ ಬೇಸಿಗೆ ಬೇರೆಯದನ್ನೇ ತೋರಿಸಿತು.

ಆ ಮಾರ್ಚ್ ಕೊನೆಯ ಹೊತ್ತಿಗೆ ಕೊರೊನಾ ಕಾರಣದಿಂದ ಭಾರತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಯುಎಇಯಲ್ಲೂ ಪ್ರಯಾಣಿಕ ವಿಮಾನಗಳು ನಿಂತವು. ಎಮಿರೇಟ್ಸ್‌ನ ಎರಡಂತಸ್ತಿನ ಎ380 ವಿಮಾನಗಳು ಅಲ್ ಮಕ್ತೂಮ್‌ಗೆ ಬಂದು ಸಾಲುಗಟ್ಟಿ ನಿಂತವು. ಇತ್ತ ಕೆಲಸ ಹೋದವರು, ವಿಸಿಟ್ ವೀಸಾದ ಅವಧಿ ಮುಗಿದವರು, ತುಂಬು ಗರ್ಭಿಣಿಯರು, ಊರಿನಲ್ಲಿ ಅಪ್ಪ ತೀರಿಕೊಂಡ ಸುದ್ದಿ ಕೇಳಿಯೂ ಹೊರಡಲಾಗದವರು ದಿನ ಎಣಿಸುತ್ತಿದ್ದರು. ಒಂದೇ ಕೋಣೆಯಲ್ಲಿ ಹಲವರು ಮಲಗುವ ಕ್ಯಾಂಪ್‌ನಲ್ಲಿ ಅಂತರ ಕಾಯ್ದುಕೊಳ್ಳುವುದಾದರೂ ಹೇಗೆ?

ಹೊರದೇಶಗಳಲ್ಲಿ ಸಿಲುಕಿದವರನ್ನು ಕರೆತರುವ ಭಾರತ ಸರ್ಕಾರದ ವಂದೇ ಭಾರತ್ ವಿಮಾನಗಳು ಮೇ 7ರಂದು ಕೇರಳಕ್ಕೆ ಬರುವುದರೊಂದಿಗೆ ಶುರುವಾದವು. ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಇಳಿದದ್ದು ಮೇ 12ರಂದು. ಕಾಯುವವರ ಪಟ್ಟಿಯ ಮುಂದೆ ಅದು ಏನೇನೂ ಸಾಲದು. ಆಗ ಕರಾವಳಿಯ ಉದ್ಯಮಿಗಳು, ಭಟ್ಕಳದ ಸಮುದಾಯದವರು, ಕನ್ನಡಪರ ಸಂಘಟನೆಗಳು ಚಾರ್ಟರ್‌ಗೆ ಕೈಹಾಕಿದರು. ಕೆಲವು ವಿಮಾನಗಳು ಹೊರಟದ್ದು ದುಬೈನಿಂದಲ್ಲ, ಡಿಐಪಿಯಿಂದ ನೂರು ಕಿಲೋಮೀಟರಿಗೂ ದೂರದ ರಾಸ್ ಅಲ್ ಖೈಮಾದಿಂದ.

ಹಣ ಕೊಟ್ಟರೆ ವಿಮಾನ ಸಿಗುತ್ತಿತ್ತು, ಆದರೆ ಅಷ್ಟಕ್ಕೇ ಹಾರುತ್ತಿರಲಿಲ್ಲ. ಪ್ರಯಾಣಿಕರ ಹೆಸರು ಭಾರತೀಯ ದೂತಾವಾಸದಲ್ಲಿ ನೋಂದಣಿಯಾಗಿರಬೇಕಿತ್ತು, ಇಳಿಯುವ ರಾಜ್ಯ ಒಪ್ಪಬೇಕಿತ್ತು, ಎರಡೂ ದೇಶಗಳ ವಿಮಾನಯಾನ ಇಲಾಖೆಗಳ ಅನುಮತಿ ಬರಬೇಕಿತ್ತು. ಇದರಲ್ಲಿ ಒಂದು ಕಾಗದ ತಡವಾದರೂ ಹೊರಡುವ ದಿನ ಮುಂದಕ್ಕೆ. ಇನ್ನು ಲೆಕ್ಕಾಚಾರ. ಬಾಡಿಗೆ ಸೀಟಿಗಲ್ಲ, ಇಡೀ ವಿಮಾನಕ್ಕೆ. ಒಂದು ಕಡೆ ಖಾಲಿ ಹಾರುವ ಖರ್ಚೂ ಅದರಲ್ಲೇ ಸೇರುತ್ತದೆ. ನೂರಾ ಎಂಬತ್ತು ಚಿಲ್ಲರೆ ಸೀಟಿನ ಬೋಯಿಂಗ್ 737ರಲ್ಲಿ ಕೊನೇ ಗಳಿಗೆಯಲ್ಲಿ ಹತ್ತು ಮಂದಿ ತಪ್ಪಿದರೆ ಆ ಹೊರೆ ಸಂಘಟಕರ ತಲೆಗೆ. ಹಾಗಿದ್ದೂ ಕೈಯಲ್ಲಿ ಕಾಸಿಲ್ಲದವರ ಟಿಕೆಟ್‌ಗೆ ದಾನಿಗಳು ಹಣ ಹಾಕಿದರು. ಊರಿನ ನಂಟನ್ನು ಬರೀ ಮಾತಿನಲ್ಲಿ ಆಡದೆ ಹೀಗೆ ದುಡ್ಡು ಸುರಿದು ಉಳಿಸಿಕೊಂಡವರ ಬಗ್ಗೆ ನನಗೆ ಅಪಾರ ಗೌರವವಿದೆ.

ಪ್ರಯಾಣವೂ ಸುಲಭದ್ದಾಗಿರಲಿಲ್ಲ. ಮಾಸ್ಕ್, ಅದರ ಮೇಲೆ ಮುಖದ ಪಾರದರ್ಶಕ ಕವಚ, ನಡುವಿನ ಸೀಟಿನವರಿಗೆ ಮೈ ಸುತ್ತುವ ಗೌನ್. ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿದ ಕೂಡಲೇ ಜ್ವರ ತಪಾಸಣೆ, ಅಲ್ಲಿಂದ ಬಸ್ಸಿನಲ್ಲಿ ನೇರ ಕ್ವಾರಂಟೈನ್‌ಗೆ. ಮನೆಯ ದಾರಿ ಇನ್ನೂ ದಿನಗಟ್ಟಲೆ ದೂರ.

ಕೇರಳದಲ್ಲಿ ಅನಿವಾಸಿಗಳಿಗಾಗಿ ನೋರ್ಕಾ ಇಲಾಖೆ ಹುಟ್ಟಿದ್ದು 1996ರಲ್ಲಿ. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿಯೇನೋ ಇದೆ. ಆದರೆ ಆ ಬೇಸಿಗೆಯಲ್ಲಿ ಪಟ್ಟಿ ಬರೆದವರು, ರಾತ್ರಿ ಹಗಲೆನ್ನದೆ ಫೋನ್ ಎತ್ತಿದವರು, ಬೆಂಗಳೂರಿನ ಅನುಮತಿಗೆ ಕಾದವರು ತಮ್ಮ ಅಂಗಡಿ, ಆಫೀಸು ಬಿಟ್ಟು ಬಂದ ಸ್ವಯಂಸೇವಕರು. ಯಾರ ಅನುಮತಿ ಮೊದಲು, ಯಾವ ಕಾಗದ ಯಾರ ಮೇಜಿಗೆ, ವಿಮಾನ ಕಂಪನಿಯ ಜೊತೆ ಕರಾರಿನಲ್ಲಿ ಏನು ಬರೆಸಿಕೊಳ್ಳಬೇಕು ಎಂಬುದನ್ನು ಅವರು ಅನುಭವದಿಂದ ಕಲಿತಿದ್ದಾರೆ. ಅವರು ನಿವೃತ್ತರಾಗಿ ಉಡುಪಿಗೋ ಪುತ್ತೂರಿಗೋ ಮರಳುವ ಮೊದಲು ಸಮಿತಿ ಅವರನ್ನು ಕೂರಿಸಿಕೊಂಡು ಅದನ್ನೆಲ್ಲ ಬರೆಸಿಕೊಳ್ಳಬೇಕು. ಮುಂದಿನ ಸಲ ಮೊದಲ ವಿಮಾನಕ್ಕೆ ಅರ್ಜಿ ಹಾಕುವ ಕೆಲಸ ಸರ್ಕಾರದ ಕಚೇರಿಯಿಂದಲೇ ಶುರುವಾಗಲಿ.