ಇಂಗ್ಲಿಷ್ ಕವಿತೆಗೆ ಐದು ಅಂಕ, ಅರ್ಥಕ್ಕೆ ಎಷ್ಟು?

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಮುಂಬಯಿ ಹಾಗೂ ಉಪನಗರಗಳ ನಮ್ಮ ಸಂಘ ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರದ ಸಿದ್ಧತೆ ಶುರುವಾಗುತ್ತದೆ. ಶೇಕಡಾವಾರು ನೋಡಿ ಮಕ್ಕಳಿಗೆ ಶಾಲು ಹೊದಿಸಿ ವಿದ್ಯಾರ್ಥಿವೇತನ ನೀಡುತ್ತೇವೆ. ಒಳ್ಳೆಯ ಕಾರ್ಯವೇ. ಆದರೆ ಆ ಅಂಕ ಯಾವುದಕ್ಕೆ ಬಂತೆಂದು ವಿಚಾರಿಸುವವರು ವಿರಳ.

ಮಹಾರಾಷ್ಟ್ರದ ಎಸ್ಸೆಸ್ಸಿ ಮಂಡಳಿಯಲ್ಲಿ ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ತೃತೀಯ ಭಾಷೆ. 2018ರಲ್ಲಿ ಹೊಸ ಪಠ್ಯಪುಸ್ತಕ ಬಂತು. 2019ರ ಮಾರ್ಚ್ ಪರೀಕ್ಷೆಗೆ ಭಾಷಾ ವಿಷಯಗಳ 20 ಆಂತರಿಕ ಅಂಕಗಳನ್ನು ಕೈಬಿಡಲಾಯಿತು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 89.41ರಿಂದ ಶೇ. 77.10ಕ್ಕೆ ಇಳಿಯಿತು. ಪಾಲಕರ ಕೂಗೆದ್ದ ಬಳಿಕ 2019-20ರಲ್ಲಿ 80-20ರ ಪದ್ಧತಿ ಮರಳಿತು. ಅಂಕವೇನೋ ಮರಳಿತು, ಆದರೆ ಓದಿನ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪಠ್ಯಕ್ರಮದ ಕೃತಿಪತ್ರಿಕೆಯಲ್ಲಿ ಕವಿತೆಯ ರಸಗ್ರಹಣಕ್ಕೆ ಐದು ಅಂಕ. ಶೀರ್ಷಿಕೆಗೆ ಅರ್ಧ, ಕವಿಯ ಹೆಸರಿಗೆ ಅರ್ಧ, ಪ್ರಾಸಕ್ಕೆ ಒಂದು, ಅಲಂಕಾರಕ್ಕೆ ಒಂದು, ಕವಿತೆಯ ಆಶಯಕ್ಕೆ ಎರಡು. ಲೆಕ್ಕ ಹಾಕಿ ನೋಡಿ, ಮೊದಲ ಮೂರು ಅಂಕಗಳನ್ನು ಬಾಯಿಪಾಠದಿಂದಲೇ ಗಳಿಸಬಹುದು. ಆಶಯದ ಎರಡು ಮೂರು ಸಾಲುಗಳೂ ಗೈಡ್‌ಗಳಲ್ಲಿ ಸಿದ್ಧವಾಗಿ ಸಿಗುತ್ತವೆ. ಹೀಗೆ ಕವಿತೆಯನ್ನು ಒಮ್ಮೆಯೂ ಮನಸ್ಸಿಗೆ ತಂದುಕೊಳ್ಳದ ವಿದ್ಯಾರ್ಥಿಗೂ ಪೂರ್ಣ ಅಂಕ ಸಿಗಬಹುದು. ಅರ್ಥ ಮಾಡಿಕೊಂಡರೂ ಇಂಗ್ಲಿಷ್‌ನಲ್ಲಿ ಬರೆಯಲು ತಡವರಿಸುವ ಮಗು ಹಿಂದೆ ಬೀಳಬಹುದು.

ಇದೇ ಪತ್ರಿಕೆಯಲ್ಲಿ ಕಲಿಕೆಯ ಮಾಧ್ಯಮಕ್ಕೆ ಅನುವಾದಿಸಲು ಬೇರೆ ಐದು ಅಂಕಗಳಿವೆ. ಪದ, ವಾಕ್ಯ, ಗಾದೆಗಳನ್ನು ನಮ್ಮ ಮಕ್ಕಳು ಕನ್ನಡಕ್ಕೆ ತರಬೇಕು. ಇಂಗ್ಲಿಷ್ ಗಾದೆಗೆ ಸರಿಹೊಂದುವ ಕನ್ನಡ ಗಾದೆ ನೆನಪಾಗಬೇಕಾದರೆ ಅದು ಮನೆಯಲ್ಲಿ ಕಿವಿಗೆ ಬಿದ್ದಿರಬೇಕು. ಅಂದರೆ ಕನ್ನಡ ಗಟ್ಟಿಯಿದ್ದರೆ ಇಂಗ್ಲಿಷ್‌ಗೆ ನಷ್ಟವಿಲ್ಲ, ಲಾಭವೇ.

ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತ ಹಿರಿಯರು ಕಟ್ಟಿದ ಸಮಾಜ ನಮ್ಮದು. ಸಂಘಗಳು ಪುರಸ್ಕಾರದ ಜತೆಗೆ ಪರೀಕ್ಷೆಗೆ ಮುನ್ನ ನಾಲ್ಕು ಶನಿವಾರ ಸಂಜೆ ಮಕ್ಕಳನ್ನು ಸೇರಿಸಲಿ. ನಿವೃತ್ತ ಶಿಕ್ಷಕರು, ಬ್ಯಾಂಕ್ ಉದ್ಯೋಗಿಗಳು ಮುಂದೆ ಬರಲಿ. ಪಠ್ಯದ ಕವಿತೆಯನ್ನು ಗಟ್ಟಿಯಾಗಿ ಓದಿಸಿ, "ನಿನಗೇನು ಅನಿಸಿತು?" ಎಂದು ಮೊದಲು ಕನ್ನಡದಲ್ಲೇ ಕೇಳಲಿ. ಹೇಳಿದ್ದನ್ನು ಬಳಿಕ ಎರಡು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಸಲಿ. ಆಶಯದ ಆ ಎರಡು ಅಂಕಗಳು ಆಗ ಗೈಡ್‌ನವಾಗಿರದೆ ಮಗುವಿನ ಸ್ವಂತ ಗಳಿಕೆಯಾಗುತ್ತವೆ. ಇದಕ್ಕೆ ದೊಡ್ಡ ನಿಧಿಯೂ ಬೇಡ, ಸಂಘದ ಕೋಣೆಯೊಂದು ಸಾಕು.