ರಾಷ್ಟ್ರೀಯ ಉದ್ಯಾನವನಗಳಲ್ಲಿ ಬಂದೂಕು ನಿರ್ಬಂಧ: ಪರವಾನಗಿದಾರರು ಹಾಗೂ ಅರ್ಜಿದಾರರಿಗೆ ಮಾಹಿತಿ

ರಾಜ್ಯದಲ್ಲಿ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನವನಗಳಿವೆ. ಇವುಗಳ ಅಂಚಿನ ಗ್ರಾಮಗಳಲ್ಲಿ ಬೆಳೆ ರಕ್ಷಣೆಗಾಗಿ ಅಥವಾ ಆತ್ಮರಕ್ಷಣೆಗಾಗಿ ಬಂದೂಕು ಹೊಂದಿರುವ ಕುಟುಂಬಗಳೂ ಇವೆ. ಆದರೆ ಪರವಾನಗಿ ಇದ್ದ ಮಾತ್ರಕ್ಕೆ ಬಂದೂಕನ್ನು ಉದ್ಯಾನವನದೊಳಗೆ ಕೊಂಡೊಯ್ಯುವ ಹಕ್ಕು ಪ್ರಾಪ್ತವಾಗುವುದಿಲ್ಲ.

ನಿರ್ಬಂಧದ ಉದ್ದೇಶ

ದಟ್ಟ ಅರಣ್ಯದಲ್ಲಿ ಹಾರಿದ ಗುಂಡಿಗೆ ಸಾಕ್ಷಿ ದೊರೆಯುವುದು ದುರ್ಲಭ. ಪ್ರಾಣಿ ಸತ್ತ ನಂತರ ಕೈಗೊಳ್ಳುವ ಕ್ರಮದಿಂದ ಅದರ ಜೀವ ಮರಳುವುದಿಲ್ಲ. ಗುಂಡು ತಗುಲಿಯೂ ಬದುಕುಳಿದ ಹುಲಿ ಅಥವಾ ಚಿರತೆ ಸಹಜ ಬೇಟೆಯಾಡಲಾರದೆ ಜಾನುವಾರುಗಳತ್ತ ಹೊರಳಬಹುದು. ಗಾಯಗೊಂಡ ಆನೆ ಎದುರಾದವರ ಮೇಲೆರಗಬಹುದು. ಆದುದರಿಂದ ಕಾನೂನು ಗುಂಡು ಹಾರಿದ ಮೇಲಲ್ಲ, ಆಯುಧವು ಅರಣ್ಯವನ್ನು ಪ್ರವೇಶಿಸುವ ಹಂತದಲ್ಲಿಯೇ ತಡೆಯೊಡ್ಡುತ್ತದೆ.

ಕಾಯ್ದೆಯ ಉಪಬಂಧಗಳು

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕರಣ 31ರ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಪೂರ್ವಭಾವಿ ಲಿಖಿತ ಅನುಮತಿಯಿಲ್ಲದೆ ಯಾವುದೇ ವ್ಯಕ್ತಿಯು ಆಯುಧದೊಂದಿಗೆ ವನ್ಯಜೀವಿಧಾಮವನ್ನು ಪ್ರವೇಶಿಸತಕ್ಕದ್ದಲ್ಲ. ಪ್ರಕರಣ 35ರ ಮೇರೆಗೆ ಇದು ರಾಷ್ಟ್ರೀಯ ಉದ್ಯಾನವನಗಳಿಗೂ ಅನ್ವಯಿಸುತ್ತದೆ. ಬಂದೂಕಿನ ಜೊತೆಗೆ ಮದ್ದುಗುಂಡು, ಸ್ಫೋಟಕ, ಬಿಲ್ಲುಬಾಣ, ಬಲೆ, ಉರುಳು ಮತ್ತು ವಿಷ ಸಹ ಆಯುಧದ ವ್ಯಾಖ್ಯೆಯಲ್ಲಿ ಸೇರಿವೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಪ್ರವೇಶದ ಅನುಮತಿಯಿಂದ ವಿನಾಯಿತಿ ಇದೆಯಾದರೂ ಪ್ರಕರಣ 31ರಲ್ಲಿ ಅಂತಹ ವಿನಾಯಿತಿಯನ್ನು ಹೇಳಿಲ್ಲ.

10 ಕಿ.ಮೀ. ವ್ಯಾಪ್ತಿಯ ನಿವಾಸಿಗಳು

ಪ್ರಕರಣ 34ರ ಅನ್ವಯ, ಸಂರಕ್ಷಿತ ಪ್ರದೇಶದ ಒಳಗೆ ಅಥವಾ ಅದರಿಂದ 10 ಕಿ.ಮೀ. ಒಳಗೆ ವಾಸಿಸುವ ಬಂದೂಕುದಾರರು, ಆ ಪ್ರದೇಶದ ಘೋಷಣೆಯಾದ 3 ತಿಂಗಳೊಳಗೆ ನಿಗದಿತ ನಮೂನೆ ಹಾಗೂ ಶುಲ್ಕದೊಂದಿಗೆ ಹೆಸರು ನೋಂದಾಯಿಸಲು ಅರ್ಜಿ ಸಲ್ಲಿಸತಕ್ಕದ್ದು. ಈ ವ್ಯಾಪ್ತಿಯಲ್ಲಿ ಶಸ್ತ್ರಾಸ್ತ್ರ ಕಾಯ್ದೆ, 1959ರಡಿ ಹೊಸ ಪರವಾನಗಿ ನೀಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಹಮತಿ ಕಡ್ಡಾಯ. ಹೊಸ ಅರ್ಜಿದಾರರು ತಮ್ಮ ಗ್ರಾಮವು ಈ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಸೂಕ್ತ.

ಕೊಡಗು ಜಿಲ್ಲೆ

ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ನೀಡಲಾಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 2029ರವರೆಗೆ ವಿಸ್ತರಿಸಿದೆ. ಈ ವಿನಾಯಿತಿಯು ಶಸ್ತ್ರಾಸ್ತ್ರ ಕಾಯ್ದೆಗೆ ಮಾತ್ರ ಸಂಬಂಧಿಸಿದ್ದಾಗಿದೆ. ನಾಗರಹೊಳೆ ಉದ್ಯಾನವನದ ಪ್ರವೇಶಕ್ಕೆ ಪ್ರಕರಣ 31 ಇವರಿಗೂ ಅನ್ವಯಿಸುತ್ತದೆ. ವಿನಾಯಿತಿ ಪಡೆದವರನ್ನೂ ಪ್ರಕರಣ 34 ಸ್ಪಷ್ಟವಾಗಿ ಒಳಗೊಂಡಿದೆ.

ಬೆಳೆ ಹಾನಿ ಮತ್ತು ಆತ್ಮರಕ್ಷಣೆ

ಆನೆ, ಕಾಡುಹಂದಿ ಮುಂತಾದವುಗಳಿಂದ ಬೆಳೆ ನಾಶವಾದಾಗ ರೈತನಿಗಾಗುವ ನಷ್ಟ ಅಲ್ಪವಲ್ಲ. ಆದರೂ ಸಕ್ಷಮ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಅವುಗಳಿಗೆ ಗುಂಡು ಹಾರಿಸುವಂತಿಲ್ಲ. ಹಾನಿಗೊಳಗಾದವರು ಪರಿಹಾರಕ್ಕಾಗಿ ವಲಯ ಅರಣ್ಯಾಧಿಕಾರಿಯವರ ಕಚೇರಿಯನ್ನು ಸಂಪರ್ಕಿಸಬಹುದು. ತನ್ನ ಅಥವಾ ಇತರರ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ವನ್ಯಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಪ್ರಕರಣ 11ರಂತೆ ಅದು ಅಪರಾಧವಲ್ಲ. ಆದರೆ ಆ ಸಮಯದಲ್ಲಿ ಕಾಯ್ದೆಯನ್ನು ಉಲ್ಲಂಘಿಸುತ್ತಿದ್ದವರಿಗೆ, ಉದಾಹರಣೆಗೆ ಅನುಮತಿಯಿಲ್ಲದೆ ಬಂದೂಕಿನೊಂದಿಗೆ ಉದ್ಯಾನವನ ಪ್ರವೇಶಿಸಿದವರಿಗೆ, ಈ ರಕ್ಷಣೆ ಲಭ್ಯವಿಲ್ಲ.

ದಂಡನೆ

2022ರ ತಿದ್ದುಪಡಿಯ ನಂತರ, ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ರಾಷ್ಟ್ರೀಯ ಉದ್ಯಾನವನದಲ್ಲಿ ಬೇಟೆಯಾಡಿದರೆ 3ರಿಂದ 7 ವರ್ಷಗಳ ಕಾರಾವಾಸ ಹಾಗೂ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ. ಅಪರಾಧಕ್ಕೆ ಬಳಸಿದ ಬಂದೂಕಿನ ಪರವಾನಗಿಯನ್ನು ರದ್ದುಪಡಿಸುವಂತೆ ನ್ಯಾಯಾಲಯವು ಆದೇಶಿಸಬಹುದು. ಹಾಗೆ ಆದೇಶಿಸಿದಲ್ಲಿ ಅಪರಾಧಿಯು 5 ವರ್ಷಗಳ ಕಾಲ ಹೊಸ ಪರವಾನಗಿಗೆ ಅನರ್ಹನಾಗುತ್ತಾನೆ.

ಉದ್ಯಾನವನದ ಮೂಲಕ ಪ್ರಯಾಣಿಸುವ ಬಂದೂಕುದಾರರು ಮುಂಚಿತವಾಗಿ ಲಿಖಿತ ಅನುಮತಿ ಪಡೆಯಬೇಕೆಂದು, ಇಲ್ಲವಾದಲ್ಲಿ ಬಂದೂಕನ್ನು ಜೊತೆಯಲ್ಲಿ ಒಯ್ಯಬಾರದೆಂದು ಕೋರಲಾಗಿದೆ.