ನೆನಪು ಸೋತರೂ ಕೈ ಕಲಿಯುತ್ತದೆ

ಪಾರ್ಶ್ವವಾಯು ಹೊಡೆದವರಿಗೆ ಕೈಕಾಲಿನ ಜೊತೆ ನೆನಪೂ ಕುಂದಿದರೆ ಮನೆಯವರು ಬೇಗ ಕೈಚೆಲ್ಲುತ್ತಾರೆ. 'ಈಗ ಹೇಳಿದ್ದು ಇನ್ನೊಂದು ಗಳಿಗೆಗೆ ನೆನಪಿರಲ್ಲ, ಇವರಿಗೆ ವ್ಯಾಯಾಮ ಹೇಳಿಕೊಟ್ಟು ಏನು ಪ್ರಯೋಜನ?' ಇಂಥವರ ಚೇತರಿಕೆ ನಿಧಾನ, ನಿಜ. ಆದರೆ ಕಲಿಯಲಾರರು ಎಂಬುದು ಸುಳ್ಳು.

ಬೆಳಿಗ್ಗೆ ಯಾರು ಬಂದಿದ್ದರು ಎಂಬ ನೆನಪಿಗೆ ಮಿದುಳಿನ ಹಿಪೊಕ್ಯಾಂಪಸ್ ಬೇಕು. ಗುಂಡಿ ಹಾಕುವಂಥ ಕೈರೂಢಿಗೆ ಬೇರೆಯೇ ಭಾಗಗಳಿವೆ. ಕೆನಡಾದ ಬ್ರೆಂಡಾ ಮಿಲ್ನರ್ 1962ರಲ್ಲಿ ಇದನ್ನು ತೋರಿಸಿಕೊಟ್ಟರು. ಅವರ ರೋಗಿಗೆ ಆಗಿದ್ದು ಪಾರ್ಶ್ವವಾಯುವಲ್ಲ. ಮಿದುಳಿನ ಶಸ್ತ್ರಚಿಕಿತ್ಸೆಯ ಬಳಿಕ ಆತನಲ್ಲಿ ಹೊಸ ನೆನಪು ನಿಲ್ಲುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದಲು ಹಚ್ಚಿದಾಗ ಮೂರು ದಿನವೂ ಆತನ ಕೈ ಪಳಗುತ್ತ ಹೋಯಿತು. ಹಿಂದಿನ ದಿನ ತಿದ್ದಿದ್ದು ಮಾತ್ರ ಆತನಿಗೆ ಗೊತ್ತೇ ಇರಲಿಲ್ಲ.

ನಾವೆಲ್ಲ ತಪ್ಪು ಮಾಡಿ, ತಿದ್ದಿಕೊಂಡು ಕಲಿಯುತ್ತೇವೆ. ತಿದ್ದಿದ್ದೇ ನೆನಪಿರದವರಲ್ಲಿ ತಪ್ಪು ಗಟ್ಟಿಯಾಗಿ ಕೂರುತ್ತದೆ. ಊಹಿಸಲು ಬಿಡದೆ ಮೊದಲೇ ಸರಿಯುತ್ತರ ಕೊಟ್ಟರೆ ಮರೆವಿನ ರೋಗಿಗಳು ಹೆಚ್ಚು ಕಲಿಯುತ್ತಾರೆ ಎಂದು ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲಿ ಕಂಡುಕೊಂಡರು.

ವೀಲ್‌ಚೇರಿನಿಂದ ಏಳುವುದನ್ನೇ ನೋಡಿ. ಬ್ರೇಕ್ ಹಾಕದೆ ಎದ್ದರೆ ಕುರ್ಚಿ ಹಿಂದಕ್ಕೆ ಸರಿದು ಬೀಳುತ್ತಾರೆ. 'ಈಗ ಏನು ಮಾಡಬೇಕು, ಹೇಳಿ ನೋಡೋಣ' ಎಂದು ಪರೀಕ್ಷೆ ಮಾಡಬೇಡಿ. ಅವರ ಕೈಮೇಲೆ ನಿಮ್ಮ ಕೈಯಿಟ್ಟು ಬ್ರೇಕಿನವರೆಗೆ ಒಯ್ಯಿರಿ. 'ಬ್ರೇಕ್ ಹಾಕಿ', 'ಪಾದ ಊರಿ', 'ಏಳಿ': ಪ್ರತಿ ಸಲವೂ ಅದೇ ಮಾತು, ಅದೇ ಕ್ರಮ. ಕೈ ತಾನಾಗಿ ಬ್ರೇಕಿನತ್ತ ಹೋಗತೊಡಗಿದ ಮೇಲೆ ಆಸರೆ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿ. ಅಂಗಿ ತೊಡುವಾಗಲೂ ಸೋತ ಕೈಯನ್ನು ಮೊದಲು ತೂರಿಸಬೇಕು, ಬಿಚ್ಚುವಾಗ ಅದು ಕೊನೆಗೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳಿಕೊಟ್ಟರೆ ಪಟ್ಟ ಶ್ರಮ ನೀರುಪಾಲು. ಹೀಗೆ ಕಲಿತದ್ದು ಕಲಿತ ಜಾಗಕ್ಕೇ ಅಂಟಿಕೊಳ್ಳುವುದೂ ಉಂಟು. ಆಸ್ಪತ್ರೆಯ ಬಚ್ಚಲಲ್ಲಿ ರೂಢಿಯಾದದ್ದನ್ನು ಮನೆಯ ಬಚ್ಚಲಲ್ಲಿ ಮತ್ತೆ ಅಭ್ಯಾಸ ಮಾಡಿಸಬೇಕು.

ನೆನಪಷ್ಟೇ ಅಲ್ಲ, ಗಮನವೂ ಕುಂದಬಹುದು. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರು ತಟ್ಟೆಯ ಬಲಗಡೆಯ ಅನ್ನವನ್ನಷ್ಟೇ ಉಂಡು ಏಳುತ್ತಾರೆ. ಅದು ಹಟವಲ್ಲ, ಎಡಗಡೆಗೆ ಗಮನವೇ ಹರಿಯುವುದಿಲ್ಲ. ಅಂಥವರಿಗೆ ಎಡ ಅಂಚಿನಲ್ಲಿ ಎದ್ದುಕಾಣುವ ಬಣ್ಣದ ಪಟ್ಟಿಯಿಟ್ಟು, ಅಲ್ಲಿಂದ ನೋಡುವ ಅಭ್ಯಾಸ ಮಾಡಿಸುತ್ತಾರೆ.

ಡಿಸ್ಚಾರ್ಜ್‌ಗೆ ಮುನ್ನ ನೆನಪು, ಗಮನಗಳ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಇದಕ್ಕೆ ಬಳಸುವ 30 ಅಂಕಗಳ ಮೋಕಾ (MoCA) ಎಂಬ ಪರೀಕ್ಷೆಗೆ ಸುಮಾರು 10 ನಿಮಿಷ ಸಾಕು. ಅಂಕ ಕಡಿಮೆ ಬಂತೆಂದು ಫಿಸಿಯೋಥೆರಪಿ ನಿಲ್ಲಿಸಬೇಡಿ. ಕಲಿಸುವ ರೀತಿ ಬದಲಿಸಲು ಹೇಳಿ.